ಒಂದು ನಿಮಿಷ ಮೌನ

"ನಮ್ಮ ಗ್ಲೆಂಡಾಗಾಗಿ ಒಂದು ನಿಮಿಷ ಮೌನ," ಎಂದರು ಪಾದ್ರಿ, ಮೈಕಿನಲ್ಲಿ. ಚರ್ಚಿನ ಅಂಗಳದಲ್ಲಿ ಗಂಡಸರು ಟೋಪಿ ತೆಗೆದು ತಲೆ ಬಗ್ಗಿಸಿದರು. ಮೇಲೆ, ಗೋಪುರದ ಅಂಚಿನಲ್ಲಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಇಳಿಯಲು ಧೈರ್ಯ ಸಾಲದೆ ಕಾಲು ಗಂಟೆಯಿಂದ ಕಲ್ಲು ತಬ್ಬಿ ನಿಂತಿದ್ದ ಗ್ಲೆಂಡಾಳ ಗೆಳತಿ ಡೋರೀನಳಿಗೆ ಮೈಯೆಲ್ಲ ಉರಿದುಹೋಯಿತು.

ಪ್ರತಿ ಬೇಸಿಗೆಯಲ್ಲೂ ಊರಿನವರು ಯಾರದಾದರೂ ಹೆಸರಿನಲ್ಲಿ ಈ ಗೋಪುರದಿಂದ ಹಗ್ಗ ಹಿಡಿದು ಇಳಿದು ಚಂದಾ ಎತ್ತುತ್ತಿದ್ದರು. ಈವರೆಗಿನವರೆಲ್ಲ ತೀರಿಕೊಂಡವರೇ, ಪಾದ್ರಿಗೆ ಅದೇ ರೂಢಿಯಾಗಿತ್ತು. ಆದರೆ ಗ್ಲೆಂಡಾ ಅವರ ಎದುರಿಗೇ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಕಾಯಿಲೆ ಅವಳ ಕೈಕಾಲು, ಮಾತು ಎಲ್ಲವನ್ನೂ ಕಸಿದುಕೊಂಡು ಒಂದು ಹೆಬ್ಬೆರಳನ್ನಷ್ಟೇ ಉಳಿಸಿತ್ತು. ಕಣ್ಣು ಆಡಿಸಿದರೆ ಅವಳ ಪರವಾಗಿ ಮಾತಾಡುವ ಯಂತ್ರವೊಂದನ್ನು ಕೊಡಿಸಲೆಂದೇ ಈ ಸಾಹಸ.

"ರೀ ಪಾದ್ರಿಗಳೇ, ತಲೆ ಕೆಟ್ಟಿದ್ಯೇನ್ರೀ?" ಡೋರೀನ್ ಕಿರುಚಿದಳು. "ಅವಳು ಸತ್ತಿಲ್ಲ! ಎದುರಿಗೇ ಕೂತಿದ್ದಾಳೆ, ಕಣ್ಬಿಟ್ಟು ನೋಡ್ರೀ!" ಗಾಳಿಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಬಗ್ಗಿದ ತಲೆಗಳು ಬಗ್ಗಿದಂತೆಯೇ ಇದ್ದವು.

ಆಗ ಗಾಲಿಕುರ್ಚಿಯ ಹಾರ್ನ್ ಅರಚಿತು. ಗ್ಲೆಂಡಾ ಹೆಬ್ಬೆರಳನ್ನು ಗುಂಡಿಯ ಮೇಲೆ ಒತ್ತಿ ಹಿಡಿದಿದ್ದಳು. ತಲೆಗಳೆಲ್ಲ ಬೆಚ್ಚಿ ಮೇಲೆದ್ದವು. "ತಪ್ಪಾಯ್ತು ಗ್ಲೆಂಡಾ, ತಪ್ಪಾಯ್ತಮ್ಮ, ಸಾಕು ನಿಲ್ಸು," ಎಂದು ಕೆಂಪೇರಿದ ಪಾದ್ರಿ ಮೈಕಿನಲ್ಲೇ ಗೋಗರೆದರು. ಅವಳು ಪಾದ್ರಿಯ ಮುಖವನ್ನೇ ದುರುಗುಟ್ಟಿ ನೋಡುತ್ತ ಇನ್ನಷ್ಟು ಒತ್ತಿದಳು.

"ಬಿಡ್ಬೇಡ ಕಣೇ! ಪೂರ್ತಿ ಒಂದು ನಿಮಿಷ ಬಾರ್ಸು!" ಎಂದು ಮೇಲಿನಿಂದ ಕೂಗಿದ ಡೋರೀನ್ ಕಲ್ಲಿನಿಂದ ಎರಡೂ ಕೈ ಬಿಟ್ಟು ಹಗ್ಗ ಹಿಡಿದು ಇಳಿಯತೊಡಗಿದಳು.