ಕೈನಡುಕದ ಪಾಲು

ಗುಳಿಗೆ ನುಂಗಿದ್ದು ಶಾಂಭವಿ. ಬಾಯಿ ಒಣಗಿ ಚೊಂಬುಗಟ್ಟಲೆ ನೀರು ಕುಡಿದದ್ದು ಗಂಡ ಗುರುಪಾದ. ಹೊಟ್ಟೆ ತೊಳಸಿದ್ದು ಅತ್ತೆಗೆ. ಖಿನ್ನತೆಯ ಗುಳಿಗೆಯ ಅಡ್ಡಪರಿಣಾಮಗಳನ್ನು ರೋಗಿಗೆ ಬೇಕಾದವರು ಔಷಧಿ ಅಂಗಡಿಯಲ್ಲಿ ತಮ್ಮ ಮೈಗೆ ಇಳಿಸಿಕೊಂಡು ಬರುವುದು ಊರಿನ ರೂಢಿ. ಆದರೆ ಕೈನಡುಕವನ್ನು ಯಾರು ಪಡೆದರೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಎಷ್ಟೋ ತಿಂಗಳ ಮೇಲೆ ಶಾಂಭವಿಗೆ ಹೂ ಮುಡಿಯಬೇಕೆನಿಸಿತು. ಬೀದಿ ತಿರುವಿನಲ್ಲಿ, ಮೊದಲು ಅವಳು ದಿನವೂ ಹೂ ಕೊಳ್ಳುತ್ತಿದ್ದ ಹಸೀನಾಬಿ ಮಲ್ಲಿಗೆ ಕಟ್ಟುತ್ತಿದ್ದಳು. ಬೆರಳು ನಡುಗಿ ಮೊಗ್ಗುಗಳು ಮಡಿಲಿಗೆ ಉದುರುತ್ತಿದ್ದವು.

“ನೀನಾ? ಕೈಯನ್ನೇ ನಂಬ್ಕೊಂಡು ದುಡಿಯೋಳು!” ಎಂದಳು ಶಾಂಭವಿ.

“ನೀವು ಬರದೆ, ಬುಟ್ಟಿ ಖಾಲಿಯಾದ್ರೂ ವ್ಯಾಪಾರ ಮುಗಿದಂಗೆ ಅನ್ನಿಸ್ತಿರಲಿಲ್ಲಕ್ಕಾ,” ಎಂದಳು ಹಸೀನಾಬಿ.

ಶಾಂಭವಿ ಬೆರಗಿನಿಂದ ತನ್ನ ಕೈಗಳನ್ನು ನೋಡಿಕೊಂಡಳು. ಒಂದಿಷ್ಟೂ ಅಲುಗುತ್ತಿರಲಿಲ್ಲ. ಅಲ್ಲೇ ಕೂತು, ಹಸೀನಾಬಿಯ ಮಡಿಲಿನಿಂದ ಮೊಗ್ಗು ಆರಿಸಿ ಕಟ್ಟತೊಡಗಿದಳು.