ಒಂದೇ ಮೊಳೆ

ನಡುಮನೆಯ ಗೋಡೆಗೆ ಒಂದೇ ಒಂದು ಮೊಳೆ ಹೊಡೆಯಲು ಬಾಡಿಗೆ ಮನೆಯ ಯಜಮಾನರು ಒಪ್ಪಿದ್ದರು. ಅಲ್ಲಿ ಕೆರೆಯ ಮುಸ್ಸಂಜೆಯ ಚಿತ್ರ ತೂಗುಹಾಕಬೇಕೆಂದು ನಮ್ಮಿಬ್ಬರಿಗೂ ಆಸೆ. ನನ್ನ ಗಂಡನ ಫಿಲ್ಮಿನದೋ, ನನ್ನ ಡಿಜಿಟಲ್ಲಿನದೋ ಎಂಬುದೇ ಜಗಳ. ಇಬ್ಬರದೂ ಬಂದಮೇಲೆ ಚೆನ್ನಾಗಿರುವುದನ್ನೇ ತೂಗುಹಾಕುವುದೆಂದು ಪಂದ್ಯ ಕಟ್ಟಿದೆವು.

ಮಂಡಿಯ ಆಪರೇಷನ್ ಆದಮೇಲೆ, ದಿನಾ ನಡೆಯದಿದ್ದರೆ ಕಾಲು ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಗದರಿದರೂ ನಾನು ಹೊಸಿಲು ದಾಟಿರಲಿಲ್ಲ. ಈ ಪಂದ್ಯ ಶುರುವಾದಮೇಲೆ ಸಂಜೆಯಾದರೆ ಕೈಕೋಲೂರಿ, ಅವರ ತೋಳು ಹಿಡಿದು ಕೆರೆ ಏರಿಗೆ ಹೊರಟುಬಿಡುತ್ತಿದ್ದೆ.

ನನ್ನ ಚಿತ್ರ ಮೊದಲ ದಿನವೇ ಸಿಕ್ಕಿತ್ತು. ಅವರು ತೊಳೆಸಿದ ಎರಡು ರೋಲುಗಳಲ್ಲಿ ಒಂದೂ ಚಿತ್ರ ಬಂದಿರಲಿಲ್ಲ.

“ಸೋತೆ ಅಂತ ಒಪ್ಪಿಕೊಂಡುಬಿಡಿ,” ಎಂದೆ.

“ಫಿಲ್ಮಿಗೆ ತಾಳ್ಮೆ ಬೇಕು ಕಣೇ. ನಿನ್ನದು ಚಾಡಿಕೋರ ಕ್ಯಾಮೆರಾ, ಒತ್ತಿದ ತಕ್ಷಣ ಎಲ್ಲ ಹೇಳಿಬಿಡುತ್ತೆ.”

“ನಿಮ್ಮದು ಬಾಯೇ ಬಿಡಲ್ಲವಲ್ಲ!”

ಇವತ್ತು ನೀರಿನ ಕೆಂಪು ಮಾಸಿ ನೀಲಿಯಾಗುವ ಹೊತ್ತಿಗೆ ಅವರು ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ಆಗ ನೋಡಿದೆ, ಲೆನ್ಸಿನ ಮುಚ್ಚಳ ಹಾಕಿದಂತೆಯೇ ಇತ್ತು. ಆ ಹಳೆಯ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ. ಲೆನ್ಸು ಮುಚ್ಚಿದ್ದರೂ ಎಲ್ಲ ಕಾಣುತ್ತದೆ. ಇವರಿಗೆ ಮರೆವು ಶುರುವಾಯಿತೇ ಎಂದು ದಿಗಿಲಾಯಿತು. ನೊಂದುಕೊಂಡಾರೆಂದು ಮೆಲ್ಲಗೆ ಹೇಳಿದೆ.

“ರೀ, ಮುಚ್ಚಳ ತೆಗೆದಿಲ್ಲ ನೀವು.”

“ಗೊತ್ತು,” ಎನ್ನುತ್ತ ಅವರು ನನ್ನ ಕೈಕೋಲು ಎತ್ತಿಕೊಟ್ಟರು. “ಚಿತ್ರ ಬಂದುಬಿಟ್ಟರೆ ನಾಳೆಯಿಂದ ನಿನ್ನನ್ನ ಇಲ್ಲೀತನಕ ನಡೆಸೋದು ಹೇಗೆ?”