ಹುಲ್ಲುಗಾವಲಿಗೆ ಬಂದ ಅಳಿಯ

ಬೋರಮ್ಮನ ಕವಣೆ ತಲೆಯ ಮೇಲೆ ಒಂದು ಸುತ್ತು ತಿರುಗಿ ಹಾಗೇ ನಿಂತಿತು. ಅವಳ ರಾಗಿ ಹೊಲದೊಳಗೆ ನಿಂತಿದ್ದ, ಒಂದು ಕೊಂಬು ಮುರಿದ ಗಂಡು ಕೃಷ್ಣಮೃಗ, ಕುದೂರು ರಸ್ತೆ ದಾಟಿ ಎಲ್ಲಿಂದಲೋ ಬಂದದ್ದು. ಬೇಲಿಯಾಚೆ ಹುಲ್ಲುಗಾವಲಿನ ಹಿಂಡಿನಲ್ಲಿ ಅಂಥ ಮುರಿದ ಕೊಂಬಿನದು ಇರಲೇ ಇಲ್ಲ.

“ಹೊಡೀಬ್ಯಾಡ ಕಣವ್ವಾ!” ಹುಲ್ಲುಗಾವಲು ಕಾಯುವ ಅರಣ್ಯ ಇಲಾಖೆಯ ವಾಚರ್ ಆಗಿದ್ದ ಮಗಳು ರಾಧಾಮಣಿ ಆಚೆಯಿಂದ ಕೂಗಿದಳು. “ಇಲ್ಲಿರವೆಲ್ಲ ಒಂದೇ ಮನೆ ಮಕ್ಕಳು. ತಮ್ತಮ್ಮಲ್ಲೇ ಕೂಡಿ, ಹುಟ್ಟೋ ಮರಿಗಳೆಲ್ಲ ಪೀಚಲು. ಹೊಸ ರಕ್ತ ಬಂದ್ರೇನೇ ವಂಶ ಉಳಿಯೋದು!”

ಬೋರಮ್ಮ ಕವಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇಲಿಯ ಮುಳ್ಳು ಸರಿಸಿ ದಾರಿ ಮಾಡಿದಳು. ಗಂಡು ಅತ್ತ ನೋಡಿತು. ಮತ್ತೆ ನಿಧಾನವಾಗಿ ರಾಗಿಗೇ ಬಾಯಿ ಹಾಕಿತು.

“ಅವ್ವಾ, ರಾಗಿ ಮೇಯ್ತೈತೆ, ಒಸಿ ಓಡ್ಸು!” ಈಗ ಮಗಳಿಗೇ ಗಾಬರಿ.

“ಸುಮ್ಕಿರೇ,” ಎನ್ನುತ್ತಾ ಬೋರಮ್ಮ ಬದುವಿನ ಮೇಲೆ ಕೂತಳು. “ಅಳೀಮಯ್ಯ ಮೊದಲ್ನೇ ಸಲ ಬಂದವ್ನೆ. ಉಣ್ಣಕ್ಕಿಕ್ಕದೆ ಕಳ್ಸಕ್ಕಾಯ್ತದೇನೇ?”